ಎರಡು ಗೇಟು, ಒಂದು ನಕ್ಷೆ

ಹಿಂದಿನ ಗೇಟಿಗೆ ಬೀಗ ಬಿದ್ದ ಸದ್ದು ಕೇಳಿಸಿತು. ಮುಂದಿನದಕ್ಕೆ ಆಗಲೇ ಬಿದ್ದಿತ್ತು.

ನಡುವೆ ನಾನು, ನನ್ನ ಜೀಪು, ಶರ್ಟಿನೊಳಗೊಂದು ಹಳೇ ನಕ್ಷೆ!

ಎಡಕ್ಕೆ ಪ್ರಪಾತ. ಬಲಕ್ಕೆ ಕಾಫಿ ಗಿಡಗಳ ಮಧ್ಯೆ ಕತ್ತಿ ಹಿಡಿದ ಆಳುಗಳು. ಗಿಡ ಸವರುವ ಸೀಸನ್ ಅದಲ್ಲ ಬಿಡಿ... ಮೇಲೆ ಹೋಗುವಾಗ ಎರಡೂ ಗೇಟು ತೆರೆದೇ ಇದ್ದವು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಜಾಗದ ತಕರಾರು ಬಿಡಿಸುವುದು ನನ್ನ ಕಸುಬು. ನಕ್ಷೆ ಬ್ರಿಟಿಷರ ಕಾಲದ್ದು, ಈ ಸಲ ನನ್ನನ್ನು ಕರೆಸಿದ್ದ ರೇವತಿಯ ಮನೆಯ ಅಟ್ಟದಲ್ಲಿ ಇವತ್ತಷ್ಟೇ ಸಿಕ್ಕಿದ್ದು. ಕಳಸದ ಮೇಲಿನ ಕಾಡು, ಗುಡ್ಡದ ಎತ್ತರ ತೋರಿಸುವ ಕಂದು ಗೆರೆಗಳು, ಈ ಎಸ್ಟೇಟಿನ ನಟ್ಟನಡುವೆ ಹಾದು ಅವಳ ಮನೆಗೆ ಹೋಗುವ ಗಾಡಿದಾರಿ. ಅದೇ ದಾರಿಗೆ ಎಸ್ಟೇಟಿನ ಮಾಲೀಕ ಹರ್ಷವರ್ಧನ ಗೇಟು ಹಾಕಿಸಿದ್ದ. ಹೋದ ತಿಂಗಳು ರೇವತಿಯ ಅತ್ತೆಗೆ ಎದೆನೋವು ಬಂದಾಗ ಕುರ್ಚಿಗೆ ಕಟ್ಟಿ, ಕಾಡಿನಲ್ಲಿ ಹೊತ್ತು ಇಳಿಸಿದರು. ಅರ್ಧದಲ್ಲೇ ಜೀವ ಹೋಯಿತು. ಈಗ ಬಸುರಿ ರೇವತಿಗೆ ಒಂಬತ್ತು ತಿಂಗಳು ತುಂಬಿದೆ. ನಾಳೆ ತಹಶೀಲ್ದಾರರ ಮುಂದೆ ನಕ್ಷೆ ಇಡುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೆ.

"ನಕ್ಷೆ ಕೊಡಿ ಪ್ರಸನ್ನಕುಮಾರ್," ಅಂದ ಮುಂದಿನ ಗೇಟಿನ ಬಳಿ ನಿಂತಿದ್ದ ಹರ್ಷವರ್ಧನ. "ಸುಮ್ನೆ ರಗಳೆ ಬೇಡ ಮಾರಾಯ್ರೆ."

"ಕೊಡ್ದಿದ್ರೆ?"

"ಈ ತಿರುವಲ್ಲಿ ಜೀಪು ಉರುಳೋದು ಹೊಸದಲ್ಲ."

ಕತ್ತಿಗಳು ಹತ್ತಿರ ಬಂದವು. ಫೋನ್ ನೋಡಿದೆ. ಸಿಗ್ನಲ್ ಸೊನ್ನೆ!

ಕೊಟ್ಟೆ. ನನ್ನೆದುರೇ ಲೈಟರ್ ಹಚ್ಚಿದ. ಒಂದು ಫೋಟೊ ತೆಗೆದಿಟ್ಟುಕೊಳ್ಳುವ ಬುದ್ಧಿಯೂ ನನಗಿರಲಿಲ್ಲ. ರೇವತಿಗೆ ಯಾವ ಮುಖ ತೋರಿಸಲಿ?

ಗೆದ್ದವನ ಮುಖ ಅರಳಿತು, ಗೇಟುಗಳ ಬೀಗ ತೆಗೆಸಿದ. ಎಷ್ಟೆಂದರೂ ಮಲೆನಾಡಿನ ಸಾಹುಕಾರ. ತೋಟಕ್ಕೆ ಬಂದವರನ್ನು ಬರಿಬಾಯಲ್ಲಿ ಕಳಿಸಿಯಾನೇ?

"ಬನ್ನಿ, ಕಾಫಿ ಕುಡ್ಕೊಂಡು ಹೋಗಿ."

ಬಂಗಲೆ ಈಗ ಹೋಂಸ್ಟೇ. ಅವನು ಜಗಲಿಯಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಜೊತೆ ಮಾತಿಗೆ ನಿಂತ. ಅವನ ಹೆಂಡತಿ ಅರ್ಪಿತಾ ಕಾಫಿ ತಂದರು. ಲೋಟಕ್ಕೆ ಕೈ ಚಾಚಿ ತಲೆ ಎತ್ತಿದೆ...

ಗೋಡೆಯ ಮೇಲೆ ಗಾಜಿನ ಫ್ರೇಮು. ಒಳಗೆ ಅದೇ ನಕ್ಷೆ. ಅದೇ ಗಾಡಿದಾರಿ!

"ಚೆನ್ನಾಗಿದೆ ಮೇಡಂ, ಇದು."

"ಮಾವನವ್ರ ಟ್ರಂಕಲ್ಲಿತ್ತು. ನಾನೇ ಫ್ರೇಮ್ ಹಾಕ್ಸಿದೆ. ಗೆಸ್ಟ್‌ಗಳೆಲ್ಲ ಅದ್ರ ಮುಂದೆ ನಿಂತು ಫೋಟೊ ತೆಗ್ದು ನೆಟ್ಟಲ್ಲಿ ಹಾಕ್ತಾರೆ. ಇವ್ರಿಗೆ ಅದನ್ನೆಲ್ಲ ನೋಡೋಕೆ ಪುರುಸೊತ್ತೆಲ್ಲಿ?"

ನಾನೂ ಒಂದು ತೆಗೆದೆ. ಫ್ರೇಮಿನ ಕೆಳಗೇ ವೈಫೈ ಪಾಸ್‌ವರ್ಡ್ ಅಂಟಿಸಿದ್ದರು. ಮೂಡಿಗೆರೆಯ ನಮ್ಮ ಲಾಯರಿಗೆ ಕಳಿಸಿದೆ, ಯಾರ ಮನೆಯ ಗೋಡೆ ಎಂದೂ ಬರೆದೆ.

ಹರ್ಷವರ್ಧನ ಒಳಗೆ ಬಂದ. ನನ್ನ ಫೋನ್ ನೋಡಿದ. ಗೋಡೆ ನೋಡಿದ. ಮುಖ ಕಪ್ಪಿಟ್ಟಿತು.

"ಗೇಟ್ ಹಾಕ್ರೋ," ಎಂದು ಅರಚಿದ.

ಹಾಕಿದರು. ಹಾಕಲಿ ಬಿಡಿ... ದಾರಿ ಆಗಲೇ ಮೂಡಿಗೆರೆ ತಲುಪಿತ್ತು.

"ಮೇಡಂ," ಅಂದೆ, "ಹೊರಡೋದು ತಡ ಆಗೋ ಹಾಗಿದೆ. ಇನ್ನರ್ಧ ಲೋಟ ಸಿಗತ್ತಾ?"