ಸಿಡಿಯ ಮೇಲೆ ಒತ್ತಿ ಬರೆದ ಮಾತು

"ನೀವಾ...?!"

ಕೌಂಟರಿನ ಹಿಂದಿದ್ದ ಮುಖ ಕಂಡದ್ದೇ ಅವಳ ಕಾಲು ಬಾಗಿಲಲ್ಲೇ ನಿಂತುಹೋಯಿತು. ಹಾಳಾದ ಸಿಡಿಗಳಿಂದ ಹಾಡು, ಫೋಟೋ ಹೊರತೆಗೆದುಕೊಡುವ ಅಂಗಡಿಯೆಂದು ಚಿಕ್ಕಮ್ಮ ಎಳೆದುಕೊಂಡು ಬಂದಿದ್ದರು. ಅದು ಇವನ ಅಂಗಡಿಯೆಂದು ಯಾರಿಗೆ ಗೊತ್ತಿತ್ತು!

ಇವನು ಅಪ್ಪನ ಹಳೆಯ ಶಿಷ್ಯ. ಮೂರು ವರ್ಷದ ಹಿಂದೆ ಆಸ್ಪತ್ರೆಯ ಮಂಚದ ಪಕ್ಕ ಕೂತು, ಅಪ್ಪ ಮಗಳಿಗಾಗಿ ಆಡಿದ ಮಾತುಗಳನ್ನು ರೆಕಾರ್ಡ್ ಮಾಡಿದವನು. ಅಪ್ಪ ಹೋದ ಮೇಲೆ ಆ ಸಿಡಿ ಹಾಕಿದರೆ... ಏನೂ ಇಲ್ಲ. ಖಾಲಿ!

"ಮೂರು ವರ್ಷ ಆದ್ಮೇಲೆ ದಾರಿ ಗೊತ್ತಾಯ್ತಾ?" ಅವನು ಮುಖ ಗಂಟಿಕ್ಕಿದ.

"ನಿಮ್ಮನ್ನ ನೋಡೋಕೆ ಬಂದಿಲ್ಲ. ಚಿಕ್ಕಮ್ಮಾ, ಬನ್ನಿ ಹೋಗೋಣ."

"ಸುಮ್ನಿರೇ! ಮೂರು ಮಹಡಿ ಹತ್ತಿದೀನಿ, ವಾಪಸ್ ಇಳಿಯೋಕೆ ನನ್ನ ಮಂಡಿ ಒಪ್ಪಬೇಕಲ್ಲ!" ಚಿಕ್ಕಮ್ಮ ಅವಳ ಕೈಯಲ್ಲಿದ್ದ ಆ ಸಿಡಿಯನ್ನು ಕಸಿದು ಕೌಂಟರಿನ ಮೇಲಿಟ್ಟರು.

ಅವನು ಎತ್ತಿ ನೋಡಿದ. ಮೇಲ್ಭಾಗದಲ್ಲಿ, ಅಂಚಿನ ಹತ್ತಿರ, ಬಾಲ್‌ಪೆನ್ನಿನಿಂದ ಒತ್ತಿ ಒತ್ತಿ ಬರೆದಿತ್ತು: ಮೋಸಗಾರ.

"ಅಕ್ಷರ ಚೆನ್ನಾಗಿದೆ. ಇದನ್ನ ಕೇಳಿದ್ಮೇಲೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಫೋನೂ ಎತ್ತಲಿಲ್ಲ. ಮೋಸಗಾರ ನಾನಾ?"

"ಕೇಳೋಕೆ ಏನಿತ್ತು ಅದರಲ್ಲಿ? ಉಸಿರಾಡೋಕೂ ಆಗದವರನ್ನ ಗಂಟೆಗಟ್ಲೆ ಮಾತಾಡಿಸಿ ಖಾಲಿ ಸಿಡಿ ಕೊಟ್ರಲ್ಲ, ನಾಚಿಕೆ ಆಗ್ಲಿಲ್ವಾ?"

"ಖಾಲೀನಾ...?"

ಅವನು ಸಿಡಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. "ಇಲ್ನೋಡಿ. ಒಳಗಿಂದ ಇಲ್ಲೀವರೆಗೂ ಒಂದು ಬಣ್ಣ, ಅಂಚಲ್ಲಿ ಇನ್ನೊಂದು. ಖಾಲಿ ಸಿಡಿಗೆ ಎರಡು ಬಣ್ಣ ಇರಲ್ಲ." ಮರುಕ್ಷಣವೇ ಹಣೆ ಚಚ್ಚಿಕೊಂಡ. "ಅಯ್ಯೋ ನನ್ನ ತಲೆ! ರೆಕಾರ್ಡ್ ಆದ್ಮೇಲೆ ಫೈನಲೈಸ್ ಮಾಡ್ಬೇಕು, ಅಂದ್ರೆ ಎಲ್ಲಾ ಪ್ಲೇಯರೂ ಓದೋ ಹಾಗೆ ಸಿಡೀನ ಮುಗಿಸ್ಬೇಕು. ಗಡಿಬಿಡೀಲಿ ಮರೆತಿದೀನಿ. ಬೇರೆ ಪ್ಲೇಯರ್‌ಗೆ ಇದು ಖಾಲೀನೇ. ರೆಕಾರ್ಡ್ ಮಾಡಿದ ಮಷೀನ್ ಮಾತ್ರ ಓದುತ್ತೆ."

"ಆ ಮಷೀನ್...?" ಅವಳು ಕೌಂಟರಿನ ಹತ್ತಿರ ಬಂದಳು.

ಕಪಾಟಿನ ಕೆಳಗಿಂದ, ಬಟ್ಟೆ ಸುತ್ತಿಟ್ಟ ಹಳೆಯ ರೆಕಾರ್ಡರನ್ನು ಅವನು ಎತ್ತಿ ತಂದ. ಸಿಡಿಯನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ಒಳಗಿಟ್ಟ.

ಗರಗರ ಸದ್ದು. ಆಮೇಲೆ...

"ಪುಟ್ಟೀ, ಅಳ್ತಿದೀಯಾ? ಅಳು, ಪರವಾಗಿಲ್ಲ. ಮೂಗು ಮಾತ್ರ ನನ್ನ ಹೊದಿಕೆಗೆ ಒರೆಸ್ಬೇಡ."

ಅಪ್ಪ! ಅವಳು ಸ್ಟೂಲಿನ ಮೇಲೆ ಕುಸಿದಳು.

ಒಂದು ಗಂಟೆ ಮೂವರೂ ಅಲುಗಾಡಲಿಲ್ಲ. ಕೊನೆಗೆ ಅಪ್ಪ ಕೆಮ್ಮುತ್ತಲೇ ನಕ್ಕರು: "ನಂದು ಮುಗೀತು. ಇನ್ನು ನೀನು ಹೇಳ್ಬಿಡಪ್ಪ, ನಾನು ಕಿವಿ ಮುಚ್ಕೋತೀನಿ."

ಸಿಡಿಯಲ್ಲೇ ಅವನ ದನಿ: "ನನಗೆ... ನೀವು..." ಟಕ್. ಟಕ್. ಕರಕರ.

"ಹೋಯ್ತು," ಎಂದ ಅವನು. "ಮಾತು ಇರೋದು ಮೇಲಿನ ಪದರದ ಕೆಳಗೇ. ಪೆನ್ನು ಒತ್ತಿದ ಕಡೆ ಕಿತ್ತುಹೋಗಿದೆ. ಇದನ್ನ ಯಾರೂ ತೆಗೆಯೋಕಾಗಲ್ಲ."

ಮೋಸಗಾರ... ಅವಳದೇ ಕೈಬರಹ ಅವಳಿಗೆಂದು ಆಡಿದ ಮಾತನ್ನು ತಿಂದುಹಾಕಿತ್ತು!

"ಮೂರು ವರ್ಷ ಇದರ ಉತ್ತರಕ್ಕೆ ಕಾಯ್ತಿದ್ರಾ?"

"ಕಾಯ್ತಿರ್ಲಿಲ್ಲ. ನಿಮ್ಮನ್ನ ಬೈಕೋತಿದ್ದೆ."

"ನಾನೂ..."

ಚಿಕ್ಕಮ್ಮ ಮೂಗೊರೆಸಿಕೊಂಡು ಎದ್ದರು. "ನಾನು ಮೆಟ್ಟಿಲ ಹತ್ರ ಇರ್ತೀನಿ. ಕಿವಿ ಮುಚ್ಕೊಂಡು!"

"ಅಲ್ಲೇನು ಹೇಳಿದ್ರಿ?" ಕೇಳಿದಳು ಅವಳು.

"ಮುಖ ನೋಡಿ ಹೇಳೋ ಧೈರ್ಯ ಇಲ್ದೇ ತಾನೇ ಸಿಡೀಲಿ ಹೇಳಿದ್ದು..."

ಅವಳು ಕಿಟಕಿಯತ್ತ ತಿರುಗಿ ನಿಂತಳು. "ಈಗ?"

"ನೀವಂದ್ರೆ ನಂಗಿಷ್ಟ. ತುಂಬಾ."

ಅವಳು ತಿರುಗಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

"ಇನ್ನೊಂದ್ಸಲ ಹೇಳಿ," ಎಂದಳು. "ಸಿಡೀಲಿ ಸರಿಯಾಗಿ ಕೇಳಿಸ್ಲಿಲ್ಲ."