ಗುಡ್ಡದ ರೈಲು ಮತ್ತೆ ಹೊರಟಾಗ

“ಅದಕ್ಕೆ ಕೈ ಹಚ್ಚಿದ್ರೆ ಜೋಕೆ!”

ಹಳಿಯ ಬೋಲ್ಟು ಬಿಚ್ಚುತ್ತಿದ್ದವನು ಬೆಚ್ಚಿಬಿದ್ದು ತಲೆಯೆತ್ತಿದ. ಎದುರಿಗೆ ಕೊರಳಲ್ಲಿ ಅಳತೆಪಟ್ಟಿ, ಕೈಯಲ್ಲಿ ಕತ್ತರಿ ಹಿಡಿದ ಹುಡುಗಿ. ಕಣ್ಣು ಕೆಂಡದಂತಿದ್ದವು!

“ಗುಜರಿಗೆ ಹಾಕೋಕೆ ಬಂದ್ರಾ?”

“ಅಯ್ಯೋ, ಮೊದಲು ಕತ್ತರಿ ಕೆಳಗಿಡಿ ಮೇಡಂ... ನಾನು ಇಂಜಿನಿಯರ್. ಈ ರೈಲನ್ನ ಮತ್ತೆ ಓಡ್ಸೋಕೆ ಬಂದಿದ್ದೀನಿ.”

ಅವಳು ಕತ್ತರಿಯನ್ನು ಬೆನ್ನ ಹಿಂದೆ ಮರೆಮಾಡಿದಳು. ನಾಚಿಕೆಯಿಂದ ಕಿವಿ ಕೆಂಪಾದವು.

ಆ ಪುಟ್ಟ ಹಳಿಗಳನ್ನು ಗುಡ್ಡಕ್ಕೆ ಹಾಸಿದ್ದು ಅವಳ ಮುತ್ತಜ್ಜನ ಕಾಲದವರು. ಬಂಡೆ ಒಡೆದು, ಕಣಿವೆಗೆ ಸೇತುವೆ ಕಟ್ಟಿ, ಮೇಲಿನ ಊರುಗಳಿಗೆ ಟಪಾಲು, ಔಷಧಿ, ನೆಂಟರು ಎಲ್ಲವನ್ನೂ ಮುಟ್ಟಿಸಿದ ದಾರಿ ಅದು. ಅವಳು ಹುಟ್ಟಿದ್ದೂ ಅದೇ ರೈಲಿನಲ್ಲಿ! ಆಸ್ಪತ್ರೆ ತಲುಪುವ ಮೊದಲೇ ಅಮ್ಮನಿಗೆ ಹೆರಿಗೆಯಾಗಿತ್ತು. ಇಂಜಿನ್ ನಡೆಸುತ್ತಿದ್ದವರು ಸ್ವತಃ ಅಪ್ಪ.

ಆಮೇಲೆ ಡಾಂಬರು ರಸ್ತೆ ಬಂತು, ಬಸ್ಸು ಬಂತು. ರೈಲು ನಿಂತೇ ಹೋಯಿತು. ಊರವರೆಲ್ಲ ‘ಅಜ್ಜಿ’ ಎಂದು ಕರೆಯುತ್ತಿದ್ದ ಉಗಿ ಇಂಜಿನ್ ಶೆಡ್ಡಿನಲ್ಲಿ ತುಕ್ಕು ಹಿಡಿಯಿತು. ಅಪ್ಪ ಮಾತು ಕಡಿಮೆ ಮಾಡಿದರು.

ಇಂಜಿನಿಯರ್ ಬಂದ ಮೇಲೆ ಮನೆಗೆ ಕಳೆ ಬಂತು. ಸಂಜೆಯಾದರೆ ಅಪ್ಪನೂ ಅವನೂ ಜಗಲಿಯಲ್ಲಿ ಕುಳಿತು ತಿರುವು, ಏರು, ಬ್ರೇಕು ಎಂದು ಹರಟುತ್ತಿದ್ದರು. ಬೋಗಿಗಳ ಸೀಟು ಹೊಲಿಯುವ ಕೆಲಸ ಅವಳ ಪಾಲಿಗೆ ಬಂತು. ಅವನು ದಿನವೂ ಏನಾದರೊಂದು ನೆಪ ಹೂಡಿ ಅವಳ ಹೊಲಿಗೆಯಂಗಡಿಗೆ ಬರುತ್ತಿದ್ದ.

“ಶರ್ಟಿನ ಗುಂಡಿ ಮತ್ತೆ ಕಿತ್ತುಹೋಯ್ತು...”

“ಕಿತ್ತುಹೋಯ್ತಾ, ಕಿತ್ಕೊಂಡ್ರಾ?”

ಅವನು ನಕ್ಕುಬಿಡುತ್ತಿದ್ದ. ಆ ನಗು ಅವಳ ಎದೆಯಲ್ಲಿ ಉಳಿದುಬಿಡುತ್ತಿತ್ತು.

ಆದರೆ ಒಂದು ಬೆಳಿಗ್ಗೆ ಶೆಡ್ಡು ಖಾಲಿ! ಅಜ್ಜಿಯನ್ನು ಲಾರಿಗೆ ಹೇರಿಕೊಂಡು ಹೋದರೆಂದು ಕಾವಲುಗಾರ ಹೇಳಿದ. ಇಂಜಿನಿಯರೂ ಇಲ್ಲ, ಅವನ ಫೋನೂ ಹತ್ತುತ್ತಿಲ್ಲ. ಕೇಳಿದರೆ ಅಪ್ಪ ಮಾತು ಮರೆಸಿ ಹಿತ್ತಲಿಗೆ ನಡೆದುಬಿಟ್ಟರು.

‘ಇಷ್ಟು ದಿನ ನಮ್ಮ ಕಣ್ಣಿಗೆ ಮಣ್ಣೆರಚಿದನಾ?’ ಅವಳಿಗೆ ಅನ್ನ ಸೇರಲಿಲ್ಲ. ಮೂರು ವಾರ ಕಾದು, ಇನ್ನು ತಡೆಯಲಾರದೆ ಬಸ್ಸು ಹತ್ತಿ, ಗುಡ್ಡದ ಬುಡದ ಪಟ್ಟಣದಲ್ಲಿದ್ದ ರೈಲ್ವೆ ವರ್ಕ್‌ಶಾಪಿಗೆ ಹೋದಳು. ಕೇಳಿಯೇ ಬಿಡಬೇಕು!

ಅಲ್ಲಿ ಅಜ್ಜಿಯ ಭಾಗಗಳನ್ನೆಲ್ಲ ಬಿಚ್ಚಿ ಹರಡಿದ್ದರು. ಬಾಯ್ಲರಿನೊಳಗಿಂದ ಮಸಿ ಮೆತ್ತಿದ ಮುಖವೊಂದು ಹೊರಬಂತು.

“ನೀವಾ! ಇಲ್ಲಿಗೆ ಹೇಗೆ...”

“ಒಂದು ಮಾತು ಹೇಳಿ ಹೋಗೋಕೆ ಏನಾಗಿತ್ತು?”

ಅವನು ತಲೆ ತಗ್ಗಿಸಿದ. “ಬಾಯ್ಲರ್ ಬಿರುಕು ಬಿಟ್ಟಿತ್ತು. ರಿಪೇರಿ ಆಗುತ್ತೋ ಇಲ್ವೋ ಗೊತ್ತಿರಲಿಲ್ಲ. ನಿಮ್ಮಪ್ಪ ನನ್ನ ಕೈ ಹಿಡ್ಕೊಂಡು ಕೇಳಿದ್ರು... ‘ರೈಲು ನಿಂತ ದಿನ ನನ್ನ ಮಗಳು ಇಂಜಿನ್ ತಬ್ಕೊಂಡು ಅತ್ತಿದ್ದಳು. ಇನ್ನೊಂದು ಸಲ ಅವಳನ್ನ ಅಳಿಸ್ಬೇಡಪ್ಪ, ಸರಿಹೋದ್ಮೇಲೇ ಹೇಳು’ ಅಂತ. ನಿಮ್ಮ ದನಿ ಕೇಳಿದ್ರೆ ಎಲ್ಲಾ ಹೇಳ್ಬಿಡ್ತಿದ್ದೆ. ಅದಕ್ಕೇ ಫೋನ್ ಆಫ್ ಮಾಡಿದ್ದೆ.”

ಅವಳ ಕೋಪವೆಲ್ಲ ನೀರಾಗಿ ಕಣ್ಣಲ್ಲಿ ಇಳಿಯಿತು.

“ಈಗ... ಸರಿಹೋಯ್ತಾ?”

“ನಿನ್ನೆ ಬಾಯ್ಲರ್ ಪರೀಕ್ಷೆ ಪಾಸಾಯ್ತು! ಎಲ್ಲಾ ಜೋಡಿಸಿ ಊರಿಗೆ ತಂದೇ ತೋರಿಸೋಣ ಅಂತಿದ್ದೆ.”

ಅವಳು ಅಲ್ಲೇ, ಎಲ್ಲರೆದುರೇ, ಬಿಕ್ಕಿ ಬಿಕ್ಕಿ ಅತ್ತಳು. ಮನೆಗೆ ಬಂದವಳೇ ಅಪ್ಪನ ಮಡಿಲಲ್ಲಿ ತಲೆಯಿಟ್ಟಳು. “ಇಷ್ಟೊಂದು ಗುಟ್ಟಾ ಅಪ್ಪಾ?” ಅಪ್ಪ ಅವಳ ಕೂದಲು ನೇವರಿಸುತ್ತಾ ಕಳ್ಳನಂತೆ ನಕ್ಕರು.

ಓಟ ಶುರುವಾದ ದಿನ ಹೊಸ ಡ್ರೈವರ್ ಎದ್ದುನಿಂತು ಅಪ್ಪನನ್ನೇ ಕರೆದ. “ಯಜಮಾನ್ರೇ, ಮೊದಲ ಸೀಟಿ ನೀವೇ ಹಾಕ್ಬೇಕು.” ಅಪ್ಪ ಸೀಟಿಯ ಸರಪಳಿ ಎಳೆದರು, ಅಜ್ಜಿ ಕೂಗಿದಳು! ಮನೆಮನೆಯಿಂದ ಜನ ಓಡಿಬಂದು ಕೈಬೀಸಿದರು.

ಮೇಲಿನ ನಿಲ್ದಾಣದಲ್ಲಿ, ಗದ್ದಲದಿಂದ ತುಸು ದೂರ, ಅವಳು ಅವನ ಪಕ್ಕ ನಿಂತಳು.

“ನಮ್ಮಪ್ಪನ್ನ ನನಗೆ ವಾಪಸ್ ಕೊಟ್ರಿ. ಹೇಗೆ ಥ್ಯಾಂಕ್ಸ್ ಹೇಳ್ಲಿ?... ಇನ್ನು ಕೆಲಸ ಮುಗೀತು, ಹೊರಟುಬಿಡ್ತೀರಲ್ವಾ?”

“ಇಲ್ಲ. ಈ ಲೈನಿಗೆ ಖಾಯಂ ಇಂಜಿನಿಯರ್ ಬೇಕಿತ್ತು. ನಾನೇ ಇರ್ತೀನಿ ಅಂದೆ.”

“ಅಜ್ಜಿಗೋಸ್ಕರಾನಾ?”

“ಆಫೀಸಲ್ಲಿ ಹಾಗಂತ ಹೇಳಿದ್ದೀನಿ.” ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟ. “ನಿಜ ಹೇಳೋಕೆ ಧೈರ್ಯ ಸಾಲ್ತಿಲ್ಲ. ನೀವು ಬೇಡ ಅಂದ್ರೆ...”

“ಬೇಡ ಅಂತ ಯಾರಂದ್ರು?”

“ಹಾಗಾದ್ರೆ... ನನ್ನ ಮದುವೆ ಆಗ್ತೀರಾ?”

ಅವಳು ಮೆಲ್ಲನೆ ಅವನ ಮಸಿ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

“ಮೊದಲು ನನ್ನ ‘ನೀನು’ ಅನ್ನು. ಆಮೇಲೆ ಇನ್ನೊಂದು ಸಲ ಕೇಳು.”