ಬೊಮ್ಮಕ್ಕನ ಮೂರನೆಯ ನಗಾರಿ

ಏಳು ಬೆಟ್ಟಗಳಾಚೆ, ಎಂದೋ ಒಂದು ಕಾಲದಲ್ಲಿ, ಹಂಸವತಿ ಎಂಬ ರಾಜ್ಯವಿತ್ತು. ಅಲ್ಲಿದ್ದದ್ದು ಒಂದೇ ಕೆರೆ. ಕುಡಿಯಲು, ಬೆಳೆಯಲು ಅದೇ ಗತಿ. ಕೆರೆ ಕಾಯುವವಳು ಬೊಮ್ಮಕ್ಕ. ದಿನಾ ಬೆಳಗ್ಗೆ ತೆಪ್ಪದಲ್ಲಿ ಸುತ್ತು ಹಾಕಿ, ಕಂಡ ಗಿಡ, ಹಕ್ಕಿ, ಹುಳುವನ್ನೆಲ್ಲ ಹೆಸರು ಹಿಡಿದು ಕರೆಯಬೇಕು. ಹೆಸರು ತಿಳಿಯದ್ದು ಕಂಡರೆ ಏರಿಯ ಮೇಲಿನ ನಗಾರಿ ಬಾರಿಸಬೇಕು. ಆಗ ಊರಿಗೆ ಊರೇ ಕೆಲಸ ಬಿಟ್ಟು ಓಡಿಬರಬೇಕು. ಇದು ಹಿರಿಯರ ಕಟ್ಟಳೆ.

ಒಮ್ಮೆ ಮೂರು ಕೊಕ್ಕಿನ ಬಾತುಕೋಳಿ ಕಂಡು ಬಾರಿಸಿದಳು. ಪಾಪ, ಅದು ದಾರಿ ತಪ್ಪಿ ಬಂದದ್ದು, ಮಧ್ಯಾಹ್ನಕ್ಕೆ ಹಾರಿಹೋಯಿತು. ಇನ್ನೊಮ್ಮೆ ಮಾತಾಡುವ ಆಮೆ ಕಂಡು ಬಾರಿಸಿದಳು. ಅದು ನೆಂಟರ ಊರಿನ ದಾರಿ ಕೇಳಿಕೊಂಡು ಮುಂದೆ ಹೋಯಿತು. ಎರಡು ಸಲವೂ ದೊರೆ ವೀರಭೂಪನ ಊಟ ಅರ್ಧಕ್ಕೇ ನಿಂತಿತ್ತು. ಹಸಿದ ಹೊಟ್ಟೆಗೆ ನ್ಯಾಯ ಎಲ್ಲಿಂದ ಹೊಳೆಯಬೇಕು?

“ಇನ್ನೊಂದು ಸಲ ಸುಮ್ಮಸುಮ್ಮನೆ ಬಾರಿಸಿದೆಯೋ, ಗಡೀಪಾರು!” ಎಂದುಬಿಟ್ಟ.

ಮೂರನೆಯ ಸಲ ಕಂಡದ್ದು ನೀರ ಮೇಲೆ ತೇಲುವ ಅಂಗೈಯಗಲದ ಗಿಡಗಳು, ಹತ್ತೋ ಹನ್ನೆರಡೋ, ಮೇಲೆ ನೇರಳೆ ಹೂ. ಅಷ್ಟು ಚೆಂದದ್ದಕ್ಕೆ ಹೆದರಲೂ ನಾಚಿಕೆಯಾಗಬೇಕು. ಬೊಮ್ಮಕ್ಕನಿಗೆ ಹೆಸರು ತಿಳಿಯಲಿಲ್ಲ. ಬಾರಿಸಿದರೆ ಹುಟ್ಟಿದೂರು ಬಿಡಬೇಕು, ಬಾರಿಸದಿದ್ದರೆ? ಅವಳಿಗೆ ಬಹಳ ಭಯವಾಯಿತು. ಆದರೂ ಕೋಲೆತ್ತಿದಳು. ಢಂ! ಢಂ! ಢಂ!

ದೊರೆ, ರಾಣಿ, ಊರವರು ಎಲ್ಲ ಓಡಿಬಂದರು.

“ಹೂವಿಗೂ ನಗಾರಿಯೇನೇ?” ದೊರೆ ಗುಡುಗಿದ.

“ಬುದ್ಧೀ, ಇದರ ಹೆಸರು ಹೇಳಿಬುಡಿ, ಈಗಲೇ ಗಂಟುಮೂಟೆ ಕಟ್ತೀನಿ.”

ಯಾರಿಗೂ ತಿಳಿದಿರಲಿಲ್ಲ. ಬೊಮ್ಮಕ್ಕ ಒಂದು ಗಿಡವನ್ನು ನೀರು ತುಂಬಿದ ಹಂಡೆಗೆ ಹಾಕಿದಳು. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಎಲೆಯಡಿಕೆ ಹಾಕುವಷ್ಟರಲ್ಲಿ ಹಂಡೆಯ ನೀರೆಲ್ಲ ಬತ್ತಿ ಬರೀ ಗಿಡ ಉಳಿಯಿತು. ದೊರೆಯ ಮುಖ ಬಿಳಿಚಿತು.

ಅಷ್ಟರಲ್ಲಿ ಮಾಂತ್ರಿಕ ಜಡೆಕಾಲ ಆಕಾಶದಿಂದ ಇಳಿದ. “ಅದು ನನ್ನ ಬೆಳೆ, ಅದರಲ್ಲೇ ನನ್ನ ಜೀವ! ಒಂದು ಎಸಳು ಉಳಿದರೂ ಕೆರೆ ನನ್ನದು!” ಎಂದು ನಕ್ಕ.

“ನೋಡ್ತಾ ನಿಂತ್ರೇನು? ಕೀಳಿ!” ಬೊಮ್ಮಕ್ಕ ಕೂಗಿದಳು.

ದೊರೆಯೂ ಕಚ್ಚೆ ಬಿಗಿದು ಸೊಂಟಮಟ್ಟದ ನೀರಿಗಿಳಿದ. ಏರಿಯ ಮೇಲೆ ಬೆಂಕಿ ಹೊತ್ತಿಸಿ, ಕಿತ್ತದ್ದನ್ನೆಲ್ಲ ಅದಕ್ಕೆ ಹಾಕಿದರು. ಹಾಕಿದಂತೆಲ್ಲ ಮಾಂತ್ರಿಕ ಕುಗ್ಗಿದ. ಹೆಬ್ಬೆರಳಷ್ಟಾದರೂ ಅವನ ನಗು ನಿಲ್ಲಲಿಲ್ಲ. ಕೆರೆಯಲ್ಲಾಗಲಿ ಹಂಡೆಯಲ್ಲಾಗಲಿ ಒಂದೂ ಉಳಿದಿಲ್ಲ; ಮತ್ತೆಲ್ಲಿ?

ಬೊಮ್ಮಕ್ಕ ಒಬ್ಬೊಬ್ಬರನ್ನೇ ನೋಡುತ್ತ ಬಂದಳು. “ಅಮ್ಮಾವ್ರೇ, ನಿಮ್ಮ ಮುಡಿ!”

ರಾಣಿ ನಾಲಿಗೆ ಕಚ್ಚಿಕೊಂಡಳು. ಗಲಾಟೆಯಲ್ಲಿ ಚೆಂದ ಕಂಡ ಹೂವೊಂದನ್ನು ಮುಡಿದಿದ್ದಳು. ಕಿತ್ತು ಬೆಂಕಿಗೆಸೆದಳು. ಮಾಂತ್ರಿಕ ಹೊಗೆಯಾಗಿ ಹೋದ.

“ತಪ್ಪಾಯಿತು, ತಾಯಿ,” ಎಂದ ದೊರೆ. “ನೂರು ಸಲ ಸುಳ್ಳಾದರೂ ಬಾರಿಸು. ನೂರು ಸಲವೂ ಬರುತ್ತೇವೆ.”

ಬೊಮ್ಮಕ್ಕ ಏರಿಯ ಮೇಲೆ ಕುಸಿದು ಕೂತು ಹಗುರಾಗುವ ತನಕ ಅತ್ತಳು. ಆಮೇಲೆ ಎಲ್ಲರೂ ಬೊಗಸೆ ಬೊಗಸೆ ಕೆರೆಯ ನೀರು ಕುಡಿದರು. ಅದು ಎಂದಿನಂತೆ ಸಿಹಿಯಾಗಿತ್ತು. ಅವರು ಸುಖವಾಗಿ ಬಾಳಿದರು, ನಾವೂ ಬಾಳೋಣ.